ಗುರುವಾರ ಬರುತ್ತೇನೆ

ಮೊದಲು ಡೆನ್ವರಿನ ಕಂಪನಿಗೆ ಫೋನು ಮಾಡಿದೆ.
ಹನ್ನೊಂದು ನಿಮಿಷ ಪಿಯಾನೋ ಕೇಳಿಸಿದರು.
ಆಮೇಲೊಬ್ಬ ಹುಡುಗ, ಬೆಣ್ಣೆಯಂಥ ದನಿ,
ಉಪಗ್ರಹದ ಚಿತ್ರದಲ್ಲಿ ನನ್ನ ಹಿತ್ತಲು ನೋಡಿ
ಚದರಡಿ ಹೇಳಿದ, ದರ ಹೇಳಿದ,
ಚೆನ್ನಾಗಿದೆ ಮೇಡಂ ನಿಮ್ಮ ಹುಲ್ಲು, ಎಂದ.
ಯಾವ ವರ್ಷದ ಹುಲ್ಲು ನೋಡುತ್ತಿದ್ದನೋ.

ಈ ವರ್ಷದ್ದು
ಅಂಚಿನಲ್ಲಿ ಹಸಿರು, ನಡುವೆ ಹಳೇ ಚಾಪೆಯ ಬಣ್ಣ.
ನೀರು ಬಿಟ್ಟರೆ ಕುಡಿಯುವುದಿಲ್ಲ.
ಮೇಲುಮೇಲೇ ಹರಿದು, ಕಾಲುದಾರಿ ದಾಟಿ,
ಪಕ್ಕದ ಮನೆ ವೆಂಡೆಲ್‌ನ ಟ್ರಕ್ಕಿನ ಚಕ್ರ ತೊಳೆಯುತ್ತದೆ.
ಅವನು ಕೈಯೆತ್ತಿ ಥ್ಯಾಂಕ್ಸ್ ಹೇಳುತ್ತಾನೆ.
ಬಿಲ್ಲು ಮಾತ್ರ ನನ್ನ ಹೆಸರಿಗೇ ಬರುತ್ತದೆ.

ದೂರದ ಬೆಟ್ಟ ನುಣ್ಣಗಂತೆ.
ಗ್ರ್ಯಾಂಡ್ ಜಂಕ್ಷನ್ನಿನಲ್ಲಿ ಹಾಗಿಲ್ಲ,
ನಮ್ಮ ಬೆಟ್ಟ ದೂರದಿಂದಲೂ ಒರಟು.
ಅದರ ಬೂದು ಜೇಡಿಯೇ ಇಳಿದು ಬಂದು
ನಮ್ಮ ಹಿತ್ತಿಲುಗಳಾಗಿದೆ.

ಮೇವಿನ ಅಂಗಡಿಯ ಬಾಗಿಲಲ್ಲೊಂದು ಚೀಟಿ ಕಂಡೆ:
"ಎಲಾಯ್ ಸಾಂಡೋವಲ್. ಹುಲ್ಲಿಗೆ ತೂತು ಹೊಡೆಯುತ್ತೇನೆ."
ಅಷ್ಟೇ, ಒಂದು ನಂಬರು.

ಅವನು ಚದರಡಿ ಕೇಳಲಿಲ್ಲ.
"ಕಾಲುವೆಗೆ ಮೇಲುಗಡೆಯೋ, ಕೆಳಗಡೆಯೋ?"
ಮೇಲುಗಡೆ, ಎಂದೆ.
ಆ ಕಡೆಯಿಂದ ಒಂದು ನಿಟ್ಟುಸಿರು,
ಊರ ಹೆಸರು ಕೇಳಿಯೇ ಕಾಯಿಲೆ ಹಿಡಿದ
ಹಳೇ ವೈದ್ಯನದು.

ಮಂಗಳವಾರ ಬಂದ. ಎಡಗಿವಿ ಮಂದ,
ಮೂವತ್ತು ವರ್ಷ ಎಂಜಿನ್ನು ಆ ಕಡೆಯೇ ಇತ್ತಂತೆ.
ಟ್ರೈಲರಿನ ಮೇಲೆ ಯಂತ್ರ,
ಹಗ್ಗ ಬಿಗಿದು ಕೆಡವಿದ ಹೋರಿಯ ಹಾಗೆ.
ಅದನ್ನು ಇಳಿಸಲೇ ಇಲ್ಲ.
ಹಿಂಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು
ಮಂಡಿಯೂರಿ ನೆಲಕ್ಕೆ ಒತ್ತಿದ.
ಉಗುರಿನಷ್ಟು ಇಳಿಯಿತು, ನಿಂತಿತು.
ಮೂರು ಹೆಜ್ಜೆ ಆಚೆ. ಅಲ್ಲೂ ಅಷ್ಟೆ.
ಬೇಲಿಯ ಬುಡದಲ್ಲಿ ಮಾತ್ರ ಹಿಡಿಯತನಕ ಹೋಯಿತು.

"ಇಲ್ಲಿಂದ ಗೇಟಿನವರೆಗೆ ಏನೋ ಓಡಾಡುತ್ತಿತ್ತು" ಎಂದ,
ಗಾಳಿಯಲ್ಲಿ ಬೆರಳಾಡಿಸಿ.

ಹೌದು. ದೋಣಿ.
ಈ ಮರುಭೂಮಿಯಲ್ಲಿ ನನ್ನ ಗಂಡನಿಗೊಂದು ದೋಣಿಯಿತ್ತು.
ಹದಿನಾಲ್ಕು ವರ್ಷ, ಪ್ರತಿ ಶನಿವಾರ,
ಜಲಾಶಯಕ್ಕೆಂದು ಹುಲ್ಲಿನ ಮೇಲೇ ಎಳೆದ,
ಭಾನುವಾರ ಎಳೆದು ತಂದ.
ದೋಣಿ ಸಮೇತ ರೋಲಂಡ್ ಮೊಂಟಾನಾಕ್ಕೆ ಹೋಗಿ
ಈಗ ಆರು ವರ್ಷ.
ಎಲಾಯ್‌ಗೆ ಇಷ್ಟೆಲ್ಲ ಹೇಳಲಿಲ್ಲ.
"ದೋಣಿ" ಎಂದೆ.
ಅವನು ತಲೆಯಾಡಿಸಿದ, ದಿನಾ ಕೇಳುವ ಮಾತೆಂಬಂತೆ.

"ಇವತ್ತು ಹೊಡೆದರೆ ಬರೀ ಗೀರು ಬೀಳುತ್ತದೆ,
ಮುರಿಯುವುದು ನನ್ನ ಯಂತ್ರದ ಹಲ್ಲು.
ರಾತ್ರಿ ಹತ್ತು ನಿಮಿಷ ನೀರು ಬಿಡಿ. ನಿಲ್ಲಿಸಿ.
ಅದು ನುಂಗಲಿ. ತಾಸು ಬಿಟ್ಟು ಇನ್ನು ಹತ್ತು.
ನಾಳೆಯೂ ಹೀಗೇ. ಗುರುವಾರ ಬರುತ್ತೇನೆ."
ಬಂದದ್ದಕ್ಕೆ ಎಷ್ಟು ಕೊಡಲಿ, ಎಂದರೆ
ಬಲಗಿವಿ ಈ ಕಡೆ ತಿರುಗಿಸಿ
"ಏನು ಮಾಡಿದೆ ಅಂತ?" ಎಂದ.

ಎರಡು ರಾತ್ರಿ ಮೆಟ್ಟಿಲ ಮೇಲೆ ಕೂತೆ,
ಮೊಟ್ಟೆ ಬೇಯಿಸುವ ಗಡಿಯಾರ ಮಡಿಲಲ್ಲಿಟ್ಟು.
ಹತ್ತು ನಿಮಿಷ ಇಷ್ಟುದ್ದ ಇರುತ್ತದೆಂದು ಗೊತ್ತಿರಲಿಲ್ಲ.

ಗುರುವಾರ ಕಾರಂಜಿಯ ತಲೆಗೊಂದೊಂದು
ಕಿತ್ತಳೆ ಬಾವುಟ ನೆಟ್ಟು, ಹೋರಿಯನ್ನು ಬಿಚ್ಚಿದ.
ಕಿಟಕಿಯ ಗಾಜು ನಡುಗಿತು. ಯಂತ್ರದ ಹಿಂದೆ
ಬೆರಳುದ್ದದ ಮಣ್ಣಿನ ತುಂಡು ಸಾಲುಸಾಲು ಬಿದ್ದವು.
ಉಳಿದ ಕಡೆ ಎರಡು ಸಲ, ದೋಣಿಯ ದಾರಿಯಲ್ಲಿ
ಉದ್ದಕ್ಕೆ, ಅಡ್ಡಕ್ಕೆ, ಮತ್ತೆ ಓರೆಯಾಗಿ.
ನಾನು ಕೇಳಿರಲಿಲ್ಲ.

ವೆಂಡೆಲ್ ಬೇಲಿಯಿಂದ ಇಣುಕಿ
"ಬಾತುಕೋಳಿಗಳು ಬಂದಿದ್ದವಾ?" ಎಂದ.

"ಗುಡಿಸಬೇಡಿ" ಎಂದು ಹೋದ ಎಲಾಯ್.
"ಅದರ ಮಣ್ಣು, ಅದೇ ತಿನ್ನುತ್ತದೆ."

ಸಂಜೆ ನೀರು ಬಿಟ್ಟೆ. ಕಾಲುದಾರಿ ಒಣಗಿಯೇ ಇತ್ತು.
ಒಂದು ತುಂಡು ಮಾತ್ರ ಹೆಕ್ಕಿದೆ, ದೋಣಿಯ ದಾರಿಯದು.
ಹೆಬ್ಬೆರಳಲ್ಲಿ ಒತ್ತಿದೆ. ಪುಡಿಯಾಗಲಿಲ್ಲ.
ಎಲ್ಲಿತ್ತೋ ಅಲ್ಲೇ ಇಟ್ಟೆ.

ಸೆಪ್ಟೆಂಬರಿನಲ್ಲಿ ಮತ್ತೆ ಬರಬೇಕಂತೆ ಅವನು.
ಒಂದು ಸಲಕ್ಕೆಲ್ಲ ಬಾಯಿ ಬಿಡುವ ನೆಲವಲ್ಲವಂತೆ ಇದು.