ಐತಾರದ ಪುಡಿ

ಮೂವತ್ತು ಇರಬೇಕಂತ. ನಂದು ಒಂಬತ್ತು.
ರಿಪೋರ್ಟಿನ ಮ್ಯಾಲ ಬೆರಳಿಟ್ಟು ಡಾಕ್ಟರಮ್ಮ ಕೇಳಿದಳು:
ಬಿಸಿಲಿಗೆ ಹೋಗಂಗಿಲ್ಲೇನ್ರಿ?

ಕಲಬುರಗಿಯೊಳಗ ಕುಂತು ಕೇಳೋ ಮಾತೇನು ಅದು!
ಮೊಳಕಾಲು ಹಿಡಕೊಂಡೇ ನಕ್ಕೆ.
ಇಲ್ಲಿ ಡಾಂಬರು ಚಪ್ಪಲಿ ಹಿಡಿದ್ರ ಬಿಡಂಗಿಲ್ಲ,
ನಳದ ನೀರಿಗೆ ಮಧ್ಯಾಹ್ನ ಚಾಪುಡಿ ಹಾಕಿದ್ರ ಸಾಕು,
ನಮ್ಮ ನೆರಳು ಸುದ್ದಾ ಬಂದು
ನಮ್ಮ ಕಾಲ ಕೆಳಗೇ ಅಡಗ್ತದ.
ಇಂಥಾ ಊರಾಗ ನನಗ ಬಿಸಿಲು ಕಮ್ಮಿ.

ಖರೆ ಹೇಳ್ಬೇಕಂದ್ರ
ಹತ್ತೊಂಬತ್ತು ವರ್ಷ ಆತು,
ಸೂಪರ್ ಮಾರ್ಕೆಟ್ಟಿನ ನೆಲಮಾಳಿಗಿಯೊಳಗ ಸೀರಿಗೆ ಫಾಲ್ ಹಚ್ತೀನಿ.
ಹದಿಮೂರು ಮೆಟ್ಟಲ ಕೆಳಗ
ಒಂದು ಟ್ಯೂಬ್‌ಲೈಟು, ಎರಡು ಮಷೀನು.
ಮುಂಜಾನಿ ಕೊಡಿ ಮಡಚಿ ಇಳೀತೀನಿ,
ಸಂಜಿಗೆ ಏರಿ ಬರೋದ್ರಾಗ
ಸೂರ್ಯ ಗಂಜ್ ದಾಟಿ ಹೋಗಿರ್ತಾನ.
ಬಿಸಿಲಂದ್ರ ನನಗ
ಗಿರಾಕಿ ಹೊತ್ತು ತರೋ ಸುದ್ದಿ:
ಇವತ್ತು ನಲವತ್ನಾಕಂತ್ರಿ ಅಕ್ಕಾ.

ಮೆಡಿಕಲ್ಲಿನ ಸಿದ್ರಾಮ ಎಂಟು ಪುಡಿಕಿ ಕೊಟ್ಟ.
ವಾರಕ್ಕೊಂದು, ಹಾಲಿನಾಗ.
ಮ್ಯಾಲ ಅರವತ್ತು ಸಾವಿರ ಅಂತ ಬರದಾರ,
ಗಾಬರ್ಯಾಗಿ ನೋಡಿದೆ.
ರೊಕ್ಕ ಅಲ್ರಿ, ಯೂನಿಟ್ಟು, ಅಂದ.
ಕರೆಂಟ್ ಬಿಲ್ಲಿನಾಗೂ ಯೂನಿಟ್ಟೇ ಇರ್ತದಲ್ಲೋ, ಅಂದೆ.
ಯಾವ ವಾರ ತೊಗೊಳ್ಲಿ?
ನಿಮಗ ನೆನಪಿರೋ ವಾರ.

ಐತಾರ, ಅಂದೆ. ರಜಾ ಇರ್ತದ.
ಅಂದ ಮ್ಯಾಲ ನೆನಪಾತು,
ಐತಾರಂದ್ರ ಆದಿತ್ಯನ ವಾರ ಅಂತ
ಸಾಲಿಯೊಳಗ ಮಾಸ್ತರು ಬಿಡಿಸಿ ಹೇಳಿದ್ರು.
ಹಂಗಾಗಿ ಸೂರ್ಯನ ದಿನ
ಬಾಗಿಲು ಮುಚ್ಚಿ, ಕೂಲರ್ ಹಚ್ಚಿ,
ನೆರಳಾಗ ಕುಂತು
ಸ್ಟೀಲ್ ಲೋಟದಾಗ ಸೂರ್ಯನ್ನ ತಿರುವಿ ಕುಡಿದೆ.
ಯಾಲಕ್ಕಿ ವಾಸನಿ ಹಾಕ್ಯಾರ.
ತಳಕ್ಕ ಉಳಿದ ಕಾಳು ಬೆರಳಿಲೆ ಬಳದು ನೆಕ್ಕಿದೆ,
ಪುಕ್ಕಟೆ ಸಿಗೋದಕ್ಕ ರೊಕ್ಕ ಕೊಟ್ಟೀನಲ್ಲ.

ಶಮೀಮಗ ಹೇಳಿದೆ.
ಕಾಜಾ ಮಾಡೋದು ಬಿಟ್ಟು ಅಕಿ ತನ್ನ ಚೀಲ ಬಿಚ್ಚಿದಳು,
ಅದರಾಗ ಒಂದು ಮೆಡಿಕಲ್ ಅಂಗಡೀನೇ ಅದ!
ಕೂದಲಕ್ಕ ಒಂದು, ಉಗುರಿಗೂ ಅದೇ,
ರಕ್ತಕ್ಕ ಕೆಂಪಂದು,
ಮಗ ಎರಡು ತಿಂಗಳು ಜಿಮ್ಮಿಗೆ ಹೋಗಿ ಬಿಟ್ಟ
ಚಾಕಲೇಟ್ ಪೌಡರಿನ ಡಬ್ಬಿ.
ಮತ್ತ ಈ ಹಳದಿ ಗುಳಿಗಿ ಯಾತಕ್ಕ?
ಗೊತ್ತಿಲ್ಲ ಅಕ್ಕಾ,
ನಾದಿನಿ ದುಬೈಯಿಂದ ತಂದಾಳ, ತೀರಿಸ್ಬೇಕು.
ಗುಣ ಬಂದದೇನು?
ತೊಗೊಂಡಿರ್ಲಿಲ್ಲಂದ್ರ ಹ್ಯಾಂಗಿರ್ತಿದ್ದೆನೋ,
ಅದನ್ನ ನೋಡಿದವರು ಯಾರು?
ನಿಂದು ಯಾವ ವಾರ?
ಐತಾರ.
ನಮ್ಮಲ್ಲಿ ಇತ್ವಾರ್, ಅಂದಳು,
ದಾರದ ತುದಿ ತುಟಿಗೆ ಒತ್ತಿ ಸೂಜಿಗೆ ಏರಿಸಿದಳು.

ಎಂಟು ಐತಾರ ಮುಗದ್ವು.
ಮತ್ತ ರಕ್ತ ಕೊಟ್ಟೆ. ಮೂವತ್ತೊಂದು.
ಮೊಳಕಾಲಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ,
ಮೆಟ್ಟಲ ಮ್ಯಾಲ ತನ್ನ ಹಳೇ ಮಾತೇ ಆಡ್ತದ.

ಆದ್ರೂ ಈಗ ರೊಟ್ಟಿ ಗಂಟು ಹಿಡಕೊಂಡು
ಇಬ್ಬರೂ ಮ್ಯಾಲ ಬರ್ತೀವಿ.
ಹದಿಮೂರನೇ ಮೆಟ್ಟಲ ಮ್ಯಾಲ
ತೋಳು ಮಡಚಿ, ಹತ್ತು ನಿಮಿಷ.
ಕಲ್ಲಂಗಡಿ ಗಾಡಿಯವ ಕೂಗ್ತಾನ:
ಯಾರ ಹಾದಿ ಕಾಯ್ಲಕತ್ತೀರಿ? ನೆರಳಿಗೆ ಬರ್ರಿ,
ಹುಚ್ಚು ಹಿಡದದೇನು?
ದವಾ ತೊಗೊಳ್ಲಕತ್ತೀವಿ ಭೈಯಾ, ಅಂತಾಳ ಶಮೀಮ.
ಪುಂಡಿಪಲ್ಯದ ಮ್ಯಾಲ ಬಿಸಿಲು ಬೀಳ್ತದ,
ಎಷ್ಟು ಯೂನಿಟ್ಟೋ, ಎಲ್ಲೂ ಬರದಿಲ್ಲ.

ಖಾಲಿ ಪುಡಿಕಿ ಎಂಟೂ ಒಗದಿಲ್ಲ ನಾ.
ಒಳಗ ಬೆಳ್ಳಿ ಹಾಳಿ ಅದ, ಗಟ್ಟಿ ಅದ.
ಬ್ಲೌಸಿನ ಹುಕ್ಕು ಒಂದರಾಗ,
ಟಿಚ್ ಗುಂಡಿ ಒಂದರಾಗ ಹಾಕಿ
ಮಷೀನಿನ ಬಲಕ್ಕ ಸಾಲಾಗಿ ಇಟ್ಟೀನಿ.