ಜೋಡಿಗೂಡು

ಚೆಂಡಾಟದ ಗಂಧಗಾಳಿ ನನಗಿಲ್ಲ.
ಗಂಧ ಅಂದರೆ ಬೆಂದ ಹುಳುವಿನದು,
ಶಿಡ್ಲಘಟ್ಟದಲ್ಲಿ ಹುಟ್ಟಿದ ಮೂಗು
ಅದನ್ನು ವಾಸನೆ ಅಂತ ಒಪ್ಪುವುದಿಲ್ಲ.

ಆದರೂ ಗೋಡೆ ಬರೆಯುವವಳು ನಾನೇ.
ಬಾಣಲೆಯ ಹಿಂದೆ, ಇದ್ದಿಲಿನಲ್ಲಿ,
ಒಂದು ಕಡೆ ಲಾಟು, ಕೆಜಿ, ಇವತ್ತಿನ ರೇಟು,
ಇನ್ನೊಂದು ಕಡೆ ಸ್ಪೇನು.

ನವಾಜನದು ಬಿಳಿ ತಂಡ, ಅಂಜಿಯದು ಹಳದಿ.
ನಮ್ಮಲ್ಲಿಗೆ ಬರುವ ಗೂಡೂ ಅವೆರಡೇ ಬಣ್ಣ.
ಆ ಊರುಗಳ ಹೆಸರು ನಾಲಿಗೆಗೆ ಹತ್ತದೆ
ಬೈವೋಲ್ಟೀನ್ ಎಷ್ಟು, ಸಿ.ಬಿ. ಎಷ್ಟು ಅಂತ ಬರೆದುಕೊಂಡೆ.
ಒಬ್ಬ ಬರೆದರೆ ಇನ್ನೊಬ್ಬ ನಂಬುವುದಿಲ್ಲ;
ಪಿಳ್ಳಕ್ಕ ಬರೆದರೆ ಇಬ್ಬರೂ ಬಾಯಿ ಮುಚ್ಚುತ್ತಾರೆ.

ಅಲ್ಲಿ ರಾತ್ರಿ ಊಟದ ಹೊತ್ತಿನ ಆಟ
ಇಲ್ಲಿ ನಡುರಾತ್ರಿ. ಕುದಿನೀರು, ತಿರುಗುವ ರಾಟೆ,
ಕಿಟಕಿಯ ಸರಳಿಗೆ ದಾರ ಹಾಕಿ ಕಟ್ಟಿದ ಫೋನು.
ಕೈ ಎಳೆಯಲ್ಲಿ, ಕಿವಿ ಕಿಟಕಿಯಲ್ಲಿ.
ಎಳೆ ಕಡಿದರೆ ಗಂಟು ಹಾಕಬಹುದು. ಗೋಲು ತಪ್ಪಿದರೆ
ನವಾಜ್ ಅರ್ಧ ಗಂಟೆ ಯಾರ ಮುಖವನ್ನೂ ನೋಡುವುದಿಲ್ಲ.

ಶ್ರಾವಣದಲ್ಲಿ ಶುರು. ದೀಪಾವಳಿಗೆ ಬಿಳಿ ಏಳು ಅಂಕ ಮುಂದೆ;
ಅಂಜಿ ಟೀ ಬಿಟ್ಟ.
ಸಂಕ್ರಾಂತಿಗೆ ಅಂತರ ಎರಡು. ಟೀ ಕುಡಿದ, ನನಗೂ ಕೊಡಿಸಿದ.
ಶಿವರಾತ್ರಿಗೆ ಹಳದಿ ಒಂದು ಮುಂದೆ, ಮರುವಾರ ಒಂದು ಹಿಂದೆ,
ಯುಗಾದಿಗೆ ಸಮ.
ಆಮೇಲೆ ಇಬ್ಬರೂ ಗೆದ್ದರು, ಮತ್ತೆ ಇಬ್ಬರೂ ಗೆದ್ದರು,
ಇಬ್ಬರೂ ಸೋತರು ಒಂದು ವಾರ, ಮಾತಾಡಿಕೊಂಡ ಹಾಗೆ.
ನನ್ನ ಇದ್ದಿಲು ಸವೆಯಿತು.

ನಡುವೆ ಈದಿಗೆಂದು ಮೆಹಬೂಬ್ ಸಾಬರು ಸುಣ್ಣ ಹೊಡೆಸಿದರು.
ಅರ್ಧ ಸ್ಪೇನು ಗೋಡೆಯಿಂದ ಹೋಯಿತು.
ಹೋದದ್ದು ನನ್ನ ತಲೆಯಲ್ಲಿ ಉಳಿಯಿತು.

ಮೂವತ್ತೆಂಟನೇ ಸುತ್ತು, ಕೊನೆಯ ರಾತ್ರಿ.
ಒಂದೇ ಹೊತ್ತಿಗೆ ಎರಡು ಊರಲ್ಲಿ ಎರಡು ಆಟ,
ಎರಡು ಸರಳಿಗೆ ಎರಡು ಫೋನು.
ಅಲ್ಲೂ ಒಂದೊಂದು ಗೋಲು, ಇಲ್ಲೂ ಒಂದೊಂದು.
ಎಂಬತ್ತಾರನೇ ನಿಮಿಷಕ್ಕೆ ಕರೆಂಟು ಹೋಯಿತು,
ಅದರ ಬೆನ್ನಿಗೇ ಟವರು.
ರಾಟೆ ನಿಂತಿತು. ಬಾಣಲೆಯ ಗೂಡು ಮಾತ್ರ
ತನ್ನ ಪಾಡಿಗೆ ಕುಣಿಯುತ್ತಿತ್ತು.
ಕತ್ತಲಲ್ಲಿ ಇಬ್ಬರ ಉಸಿರು ಕೇಳಿತು, ಒಂದೇ ಥರ;
ಯಾವುದು ಬಿಳಿ ಯಾವುದು ಹಳದಿ ತಿಳಿಯಲಿಲ್ಲ.

ಬಾಂಗು ಕೂಗಿದ ಮೇಲೆ
ಗೂಡಿನ ಮಾರ್ಕೆಟ್ಟಿಗೆ ಹೊರಟ ಆಟೋದವನು
ಬಾಗಿಲಲ್ಲೇ ಕೂಗಿಹೋದ, "ಎರಡೂ ಡ್ರಾ!"
ಅಂಕ ಸಮ. ಹಾಗಾದರೆ ಅಲ್ಲಿ
ಇವರಿಬ್ಬರೇ ಎದುರುಬದುರಾದ ಆಟ ಮೊದಲು ನೋಡುತ್ತಾರಂತೆ.
ಟವರೂ ಬಂದಿತ್ತು. ಫೋನು ಕೈಯಲ್ಲೇ ಇತ್ತು.
ತೆರೆಯಲು ಇಬ್ಬರಿಗೂ ಧೈರ್ಯವಿಲ್ಲ.
"ಅಕ್ಕಾ, ನೀನೇ ಹೇಳು."

ಬೆಳ್ಳಗಿನ ಗೋಡೆ ನೋಡಿದೆ.
ಮೊದಲನೆಯದು ದೀಪಾವಳಿಯ ಹಿಂದಿನ ರಾತ್ರಿ,
ಯಾರೂ ಹೊಡೆಯಲಿಲ್ಲ. ಲಾಟು ಹಸಿಯಾಗಿತ್ತು,
ಎಳೆ ಹದಿನೇಳು ಸಲ ಕಡಿಯಿತು.
ಎರಡನೆಯದು ನನ್ನ ಎಡಗೈಗೆ ಕುದಿನೀರು ಚೆಲ್ಲಿದ ರಾತ್ರಿ.
ನಾನು ಕಿರುಚಿದೆ, ಅಂಜಿಯೂ ಕಿರುಚಿದ.
ನನಗಾಗಿ ಅಂದುಕೊಂಡೆ.
ಅಲ್ಲ. ಕೊನೇ ನಿಮಿಷದ ಗೋಲು.

"ಹಳದಿ," ಅಂದೆ.

ಅಂಜಿ ಕುಣಿಯಲಿಲ್ಲ. ನನ್ನ ಕೈಯ ಕಲೆ
ಈಗ ಕಂಡವನ ಹಾಗೆ ನೋಡಿದ.
ನವಾಜ್ ಎದ್ದುಹೋಗಿ ಒಲೆಗೆ ಕಡಲೆಕಾಯಿ ಹೊಟ್ಟು ಸುರಿದ,
ಬೇಕಾದ್ದಕ್ಕಿಂತ ಜಾಸ್ತಿ.

ಬಾಣಲೆಯಲ್ಲೊಂದು ಜೋಡಿಗೂಡು ತೇಲುತ್ತಿತ್ತು,
ಎರಡು ಹುಳು ಸೇರಿ ಕಟ್ಟಿಕೊಂಡದ್ದು.
ಅದರ ಎಳೆ ಬಿಚ್ಚಲಾಗದು, ಒಂದರೊಳಗೊಂದು ಸಿಕ್ಕು;
ಆರಿಸಿ ಎಸೆಯುವುದು ನಮ್ಮ ಕಡೆಯ ನಿಯಮ.
ಎತ್ತಿಕೊಂಡೆ. ಸ್ವಲ್ಪ ಹೊತ್ತು ಕೈಯಲ್ಲೇ ಇತ್ತು, ಬಿಸಿ.
ಸೆರಗಿನ ತುದಿಗೆ ಕಟ್ಟಿಕೊಂಡೆ.

ಆಗಸ್ಟಿಗೆ ಮತ್ತೆ ಶುರುವಂತೆ.
ಸಾಬರಿಗೆ ಹೇಳಬೇಕು,
ಬರುವ ಈದಿಗೆ ಈ ಗೋಡೆ ಒಂದು ಬಿಟ್ಟು ಹೊಡೆಸಿ.