ದಿನಕ್ಕ ಹತ್ತು ಶಬ್ದ

ತೆಲಸಂಗ ಸರ್ ಮಾತು: ದಿನಾ ಹತ್ತು ಶಬ್ದ,
ಇಂಗ್ಲಿಷ್ ಪೇಪರಿನಿಂದ. ಬ್ಯಾಂಕ್ ಪರೀಕ್ಷಾಕ್ಕ ಅದೇ ಮದ್ದು.
ಅಪ್ಪನ ನೂಲಿನ ಲೆಕ್ಕದ ವಹಿ ತಿರುವಿ
ಹಿಂದಿನ ಹಾಳಿಯಿಂದ ಬರೀತೀನಿ.

ಡಿಕ್ಷನರಿ ಇಬ್ಬರದು. ದಪ್ಪ ಆತಂತ ನಡು ಸೀಳಿದ್ವಿ:
ಎ-ಯಿಂದ ಎಲ್ ತನಕ ನಂದು,
ಉಳಿದದ್ದು ಜೈತುನಳ ಹತ್ರ,
ಬಣ್ಣದಂಗಡಿ ಮ್ಯಾಲಿನ ಮನ್ಯಾಗ.

ಈ ವಾರ ಐದನೇ ಪುಟದಾಗ ನಮ್ಮ ಬನಹಟ್ಟಿ,
ಸ್ಪೆಲ್ಲಿಂಗ್ ತಪ್ಪು.
ಆರ್ಸನ್: ಬೆಂಕಿ ಹಚ್ಚೂದು. ಸಿಕ್ಕಿತು.
ಮಿಸ್ಕ್ರಿಯಂಟ್ಸ್ ಸಿಗಲಿಲ್ಲ; ಪೊಲೀಸರಿಗೂ ಸಿಕ್ಕಿಲ್ಲಂತ.
ಸ್ಪೊರಾಡಿಕ್: ನನ್ನ ಊಹೆ, ಗುರುತಿದ್ದವರ ಅಂಗಡಿಗೇ.
ಊರು ಟೆನ್ಸ್ ಅಂತ ಬರದಾರ. ಟೆನ್ಸ್ ಮೂರು ಅಂತ ಕಲಿತಿದ್ದೆ:
ಆದದ್ದು, ಆಗತಿರೂದು, ಆಗೂದು.
ಬಂದೋಬಸ್ತ್ ಹುಡುಕಲಿಲ್ಲ, ನಮ್ಮಿಂದನ ಹೋಗೇತಿ ಅದು.

ಅನ್‌ಈಸಿ ಕಾಮ್‌ಗೆ ಯಾವ ಡಿಕ್ಷನರಿನೂ ಬೇಕಿಲ್ಲ.
ಮಗ್ಗ ನಿಂತಾವ.
ಹುಟ್ಟಿದಾಗಿಂದ ಕಿವ್ಯಾಗಿದ್ದ ಖಟಕ್ ಖಟಕ್ ಇಲ್ಲದ ಓಣ್ಯಾಗ
ಅವ್ವ ಒಗ್ಗರಣಿ ಹಾಕಿದರ
ಮೂರು ಮನಿ ಬೆಚ್ಚಿ ಬೀಳತಾವ.

ಬಣ್ಣದಂಗಡಿ ಶಟರ್ ಕೆಳಗಿಂದ
ಕೆಂಪು ಹರಿದು ಗಟಾರದ ತನಕ ಒಣಗೇತಿ.
ಬಣ್ಣನ ಅದು. ಹಾಲು ತರಾಕ ಹೋದಾಗ
ಎರಡು ಸಲ ನೋಡಿ ಬಂದೀನಿ.

ಇವತ್ತಿನ ಹೆಡ್‌ಲೈನ್: ಊರು
ಲಿಂಪಿಂಗ್ ಬ್ಯಾಕ್ ಟು ನಾರ್ಮಲ್ಸಿ.
ಲಿಂಪ್, ನನ್ನ ಭಾಗದ ಕಡೀಕಡೆ ಹಾಳ್ಯಾಗ: ಕುಂಟೂದು.
ನಾರ್ಮಲ್ಸಿ ಅಕಿ ಹತ್ರ ಐತಿ.

ಒಂದು ಸಾಲು ಖಾಲಿ ಬಿಟ್ಟು ಚಪ್ಪಲಿ ಮೆಟ್ಟಿದೆ.
ಅವ್ವ ತಡೀಲಿಲ್ಲ.
ಕತ್ತಲಾಗೂದ್ರಾಗ ಬಾ, ಅಂದಳು.